ಮಧ್ಯಾಹ್ನದವರೆಗೆ ಅಪ್ಪ

ಮಗಳಿಗೆ ಖಾಸಗಿ ಶಾಲೆ ಹುಡುಕಲು ಬಿಶ್ಕೆಕ್ ನಗರವನ್ನೆಲ್ಲ ಸುತ್ತಿದ ಮೆಲಿಸ್ ಎಲ್ಲ ಕಡೆಯೂ ಮೊದಲು ನೋಡಿದ್ದು ಕಕ್ಕಸನ್ನು. "ಬಾಗಿಲಲ್ಲಿ ಎಷ್ಟು ಸುಳ್ಳು ಬೇಕಾದ್ರೂ ಹೇಳ್ಬಹುದು, ಕಕ್ಕಸಲ್ಲಿ ಹೇಳಕ್ಕಾಗಲ್ಲ" ಎಂಬುದು ಅವನ ಶಿಕ್ಷಣ ಸಿದ್ಧಾಂತ. ಹೀಗೆ ಮೂಗನ್ನೇ ಮುಂದಿಟ್ಟುಕೊಂಡು ಮೂರು ಶಾಲೆಗಳನ್ನು ತಿರಸ್ಕರಿಸಿ (ಒಂದರಲ್ಲಿ ಅಮೃತಶಿಲೆಯ ಮೆಟ್ಟಿಲಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ) ನಾಲ್ಕನೆಯದಾದ 'ಬೆಳ್ಳಿಗಂಟೆ' ಶಾಲೆಗೆ ಅರ್ಜಿ ಹಾಕಿದ. ಅಲ್ಲಿ ಪರೀಕ್ಷೆ ಮಗುವಿಗಲ್ಲ, ತಂದೆತಾಯಿಗೆ. ಮಗುವನ್ನು ಬಲ್ಲವರು ಮನೆಯಲ್ಲಿದ್ದರೆ ಮಾತ್ರ ಸೀಟು.

"ಚಳವಳಿ ದಿನ ಚೌಕದಲ್ಲಿ ಪೊಲೀಸರ ಗುರಾಣಿಗೆ ಎದೆ ಕೊಟ್ಟೋನು ನಾನು. ಒಬ್ಬ ಹೆಡ್‌ಮೇಡಂಗೆ ಹೆದರ್ತೀನಾ?" ಎಂದ.

"ಎದೆ ಎಲ್ಲಿ ಕೊಟ್ರಿ? ಓಡಿ ಬರುವಾಗ ಏಟು ಬಿದ್ದಿದ್ದು ಬೆನ್ನಿಗೆ. ಎಣ್ಣೆ ಹಚ್ಚಿದೋಳು ನಾನು" ಎಂದಳು ಹೆಂಡತಿ ಗುಲ್ಜಾನ್, ಹಿಟ್ಟು ನಾದುತ್ತ. "ಅದಿರ್ಲಿ. ಮಗಳು ನಿಮ್ಮನ್ನ ಏನಂತ ಕರೀತಾಳೆ, ಜ್ಞಾಪಕ ಇದೆಯಾ?"

ಮೆಲಿಸನ ಮುಖ ಹುಳಿ ಮೊಸರು ಕುಡಿದಂತಾಯಿತು.

ಚೊಚ್ಚಲ ಕೂಸು ಅಜ್ಜ ಅಜ್ಜಿಯ ಪಾಲು ಎಂಬುದು ಕಿರ್ಗಿಜ್ ಮನೆಗಳ ಹಳೆಯ ರೂಢಿ. ಮಗಳು ಬೆರ್ಮೆತ್‌ಗೆ ವರ್ಷ ತುಂಬುತ್ತಲೇ ಮೆಲಿಸನ ಅಪ್ಪ ಸಪರ್‌ಬೆಕ್ ಬಂದು, ಅವಳನ್ನು ಕಂಬಳಿಯಲ್ಲಿ ಸುತ್ತಿ ಸರೋವರದ ದಂಡೆಯ ತನ್ನ ಊರಿಗೆ ಒಯ್ದಿದ್ದ. ಆರು ವರ್ಷ ಅಲ್ಲೇ ಬೆಳೆದ ಅವಳಿಗೆ ಅಜ್ಜನೇ ಅಪ್ಪ, ಅಜ್ಜಿ ಬುರುಲ್ ಅಮ್ಮ. ಹುಟ್ಟಿಸಿದ ಮೆಲಿಸ್ ಅಣ್ಣ, ಹೆತ್ತ ಗುಲ್ಜಾನ್ ಅಕ್ಕ. ಹಬ್ಬಕ್ಕೆ ಹೋದರೆ "ಅಣ್ಣ ಬಂದ" ಎಂದು ಕುಣಿಯುತ್ತಿದ್ದಳು. ಹೊರಟಾಗ ಬಾಗಿಲವರೆಗೂ ಬರುತ್ತಿರಲಿಲ್ಲ. ಅದೊಂದು ಅವನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಶಾಲೆ ಬರೀ ನೆಪ. ಮಗಳು ನಗರಕ್ಕೆ ಬರಬೇಕು, ತನ್ನನ್ನು ಅಪ್ಪಾ ಎನ್ನಬೇಕು. ಪಿತೃಪೀಠದ ಪುನರ್‌ಪ್ರತಿಷ್ಠಾಪನೆಯೇ ಅವನ ಗುಪ್ತ ಕಾರ್ಯಕ್ರಮ.

ಸಂದರ್ಶನಕ್ಕೆ ಹತ್ತು ದಿನ ಮೊದಲೇ ಅವಳನ್ನು ಕರೆತಂದು ತರಬೇತಿ ಶುರುಮಾಡಿದ.

"ನಾನ್ಯಾರು?"

"ಮೆಲಿಸಣ್ಣ."

"ಅಲ್ಲ. ಅಪ್ಪ."

"ಅಪ್ಪ ಊರಲ್ಲಿ ಕುದುರೆಗೆ ಹುಲ್ಲು ಹಾಕ್ತಿದಾರೆ."

ಕೊನೆಗೆ ಐಸ್‌ಕ್ರೀಮಿನ ಮೇಲೆ ಒಪ್ಪಂದವಾಯಿತು. "ನೋಡ್ತಿರು, ಸೀಟು ಸಿಕ್ಕಿದ ಹಾಗೇ" ಎಂದು ಹೆಂಡತಿಯೆದುರು ಮೀಸೆ ಸವರಿಕೊಂಡ.

ಸಂದರ್ಶನದ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಎತ್ತರದ ಬಿಳಿ ಉಣ್ಣೆ ಟೋಪಿಯೊಂದು ಕಂಡಿತು. ಟೋಪಿಯ ಕೆಳಗೆ ಸಪರ್‌ಬೆಕ್, ಪಕ್ಕದಲ್ಲಿ ಜರ್ದಾಳು ಜಾಮಿನ ಜಾಡಿ ಹಿಡಿದ ಬುರುಲ್.

"ಅಪ್ಪಯ್ಯ, ನಿಮ್ಮನ್ಯಾರು ಕರೆದ್ರು?"

"ನನ್ನ ಮಗೂಗೆ ಪರೀಕ್ಷೆ ಅಂದ್ರೆ ಕರೀಬೇಕೇನೋ ಕತ್ತೆ? ಮೂಲೇಲಿ ಕೂತಿರ್ತೀನಿ. ಬಾಯಿ ಬಿಡಲ್ಲ."

ಹೆಡ್‌ಮೇಡಂ ಅನಾರಾ ಕನ್ನಡಕದ ಮೇಲಿಂದ ನೋಡುತ್ತ ಮೆಲಿಸನನ್ನು ಕೇಳಿದರು. "ಮಗೂಗೆ ಯಾವುದಕ್ಕೆ ಭಯ?"

"ಭಯಾನಾ? ನನ್ನ ಮಗಳಿಗಾ?"

"ಹೆಬ್ಬಾತಿಗೆ" ಎಂದಿತು ಮೂಲೆ.

"ಮೊದಲನೇ ಹಲ್ಲು ಬಿದ್ದಿದ್ದು ಯಾವಾಗ?"

"ಸಾಧಾರಣವಾಗಿ ಎಲ್ಲರಿಗೂ ಬೀಳೋ ಕಾಲಕ್ಕೇ..."

"ಹುಲ್ಲು ಕೊಯ್ಲಿನ ದಿನ, ಸೇಬು ಕಚ್ಚುವಾಗ. ಕೊಬ್ಬಲ್ಲಿ ಸುತ್ತಿ ನಾಯಿಗೆ ಹಾಕಿದ್ವಿ, ನಾಯಿ ಹಲ್ಲಿನ ಥರ ಗಟ್ಟಿ ಬರಲಿ ಅಂತ."

"ನಿದ್ದೆ ಬರದಿದ್ರೆ ಏನು ಮಾಡ್ತೀರಿ?"

"ಲೈಟ್ ಆರಿಸ್ತೀವಿ" ಎಂದ ಮೆಲಿಸ್, ಈ ಸಲ ಪೂರ್ತಿ ಧೈರ್ಯದಿಂದ.

"ನನ್ನ ಕಿವಿ ಹಿಡ್ಕೊಂಡು ಮಲಗ್ತಾಳೆ. ಬಲಗಿವಿನೇ ಆಗ್ಬೇಕು. ಎಡಗಿವಿ ಕೊಟ್ರೆ ಒದೀತಾಳೆ."

ಗುಲ್ಜಾನ್ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು. ದುಃಖಕ್ಕಲ್ಲ.

ಮೇಡಂ ಹುಡುಗಿಯತ್ತ ಬಾಗಿದರು. "ಪುಟ್ಟೀ, ನಿಮ್ಮಪ್ಪ ಯಾರಮ್ಮಾ?"

ಬೆರ್ಮೆತ್ ಮಾತಿಗೆ ತಪ್ಪುವವಳಲ್ಲ. ಮೆಲಿಸನ ಕಡೆ ಬೆರಳು ಮಾಡಿದಳು. ಅವನ ಎದೆ ಎರಡು ಅಂಗುಲ ಉಬ್ಬಿತು.

"ಮಧ್ಯಾಹ್ನದವರೆಗೆ ಇವರು" ಎಂದಳು. "ಆಮೇಲೆ ಐಸ್‌ಕ್ರೀಮ್. ಅದಾದ್ಮೇಲೆ ಅಲ್ಲಿ ಕೂತಿದಾರಲ್ಲ, ಅವರೇ."

ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ನಾನೂ ಅಜ್ಜಿ ಮಡಿಲಲ್ಲಿ ಬೆಳೆದೋಳೇ. ಹೆತ್ತಮ್ಮನ್ನ ಇವತ್ತಿಗೂ ಅಕ್ಕ ಅಂತೀನಿ. ಸೀಟು ಕೊಟ್ಟೆ. ನಮ್ಮ ನಿಯಮ ಒಂದೇ, ಮಗೂನ ಬಲ್ಲೋರು ಮಗೂ ಜೊತೆ ಒಂದೇ ಮನೇಲಿರ್ಬೇಕು. ಹಿರಿಯರೇ, ಬನ್ನಿ, ಸಹಿ ಹಾಕಿ."

"ನನ್ನ ಸಹಿ?" ಮೆಲಿಸ್ ಪೆನ್ನು ತೆರೆದು ನಿಂತಿದ್ದ.

"ಅಣ್ಣಂದಿರ ಸಹಿ ಬೇಕಾಗಿಲ್ಲ. ಪೆನ್ನು ಅವರಿಗೆ ಕೊಡಿ."

ಬೇಕಾಗಿದ್ದವಳು ಒಬ್ಬಳು, ಬಂದವರು ಮೂವರು. ಎರಡು ಕೋಣೆಯ ಆ ಮನೆಯಲ್ಲಿ ಮಲಗುವ ಕೋಣೆ ಹಿರಿಯರದಾಯಿತು, ಇನ್ನೊಂದು ವಿದ್ಯಾರ್ಥಿನಿಯ ಅಧ್ಯಯನ ಕೇಂದ್ರ. ಗಂಡಹೆಂಡಿರ ಹಾಸಿಗೆ ಅಡುಗೆಮನೆಗೆ ಹೋಯಿತು. ಸೆಪ್ಟೆಂಬರಿನ ಒಂದು ಸಂಜೆ, ಮನೆಯ ಯಜಮಾನ ತಾನೆಂಬುದನ್ನು ತನಗೇ ನೆನಪಿಸಿಕೊಳ್ಳಲು ಮೆಲಿಸ್ ಫುಟ್‌ಬಾಲ್ ಹಾಕಿ ಟೀವಿ ಜೋರು ಮಾಡಿದ.

"ಆರಿಸೋ ಅದನ್ನ!" ಅವನ ತಾಯಿ ಬುರುಲ್ ಸೌಟು ಹಿಡಿದೇ ಬಂದಳು. "ತಂಗಿ ಓದ್ತಿರೋದು ಕಾಣಲ್ವಾ?"

"ಅಮ್ಮಾ, ಅವಳು ನನ್ನ ಮಗಳು!"

"ಎದುರು ಮಾತಾಡ್ತೀಯಾ?"

ಬೆರ್ಮೆತ್ ಪುಸ್ತಕದಿಂದ ತಲೆಯೆತ್ತಿದಳು. "ಬೈಬೇಡಮ್ಮಾ. ಪಾಪ, ಅಣ್ಣ ಓದೋವಾಗ ಒಳ್ಳೇ ಶಾಲೆ ಸಿಕ್ಕಿರ್ಲಿಲ್ಲ." ಆಮೇಲೆ ಮೆಲಿಸನತ್ತ ತಿರುಗಿ, "ಬಾ ಅಣ್ಣಾ, ಪಕ್ಕದಲ್ಲಿ ಕೂತ್ಕೋ. ಸದ್ದು ಮಾಡದೆ ಪೆನ್ಸಿಲ್ ಚೂಪು ಮಾಡ್ಕೊಡು. ಮೊನೆ ಮಾತ್ರ ಮುರೀಬೇಡ" ಎಂದಳು.

ಮೆಲಿಸ್ ಟೀವಿ ಆರಿಸಿ, ಮಗಳು ಬದಿಗೆ ಸರಿದು ಬಿಟ್ಟುಕೊಟ್ಟ ಒಂದು ಗೇಣು ಜಾಗದಲ್ಲಿ ಕೂತ.