ಹತ್ತನೆಯ ಚೀಟಿ

ಅಂದು ಹೊಸನಗರದ ನಮ್ಮ ವಾಚನಾಲಯದಲ್ಲಿ ಇದ್ದವರು ನಾಲ್ಕೇ ಜನ. ಕೈಯಿರುವ ಒಂದೇ ಒಂದು ಕುರ್ಚಿಯಲ್ಲಿ ಅಧ್ಯಕ್ಷರಾದ ವಕೀಲ ರಂಗರಾಯರು, ಬೆಂಚಿನ ಮೇಲೆ ತೋಟದ ಶೇಷಗಿರಿ ಭಟ್ಟರು, ಅವರ ಪಕ್ಕದಲ್ಲಿ ಜವಳಿ ಅಂಗಡಿಯ ಪುಟ್ಟಪ್ಪ ಶೆಟ್ಟರು. ಬಾಗಿಲ ಹತ್ತಿರ, ಕಾಲು ಅಲ್ಲಾಡುವ ಸ್ಟೂಲಿನ ಮೇಲೆ, ಗೌರವ ಕಾರ್ಯದರ್ಶಿಯಾದ ನಾನು. ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ವಾಚನಾಲಯದ ಕಪಾಟಿನ ಬೀಗದ ಕೈ ನನ್ನ ಉಡಿದಾರದಲ್ಲಿ ಇರುತ್ತಿತ್ತು. ಗೌರವ ಎಂದರೆ ಅಷ್ಟೇ. ನಮ್ಮ ನಡುವೆ ಮೇಜಿನ ಮೇಲೆ ಹಸಿರು ರಟ್ಟಿನ ಒಂದು ಕಾದಂಬರಿ, ಕಟಕಟೆಯಲ್ಲಿ ನಿಲ್ಲಿಸಿದ ಆರೋಪಿಯ ಹಾಗೆ, ತನಗೇನೂ ಗೊತ್ತಿಲ್ಲವೆಂಬಂತೆ ಬಿದ್ದುಕೊಂಡಿತ್ತು.

ಇದು ಅರವತ್ತರ ದಶಕದ ಮಾತು. ಓದುಗರಲ್ಲಿ ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಯಾರು ಏನು ಕೇಳಿದರೂ ‘ನೋಡೋಣ’ ಎನ್ನುವುದು ನನ್ನ ಹುಟ್ಟುಗುಣ. ಇಲ್ಲ ಎಂದರೆ ಎದುರಿನವರಿಗೆ ಬೇಸರ, ಹೂಂ ಎಂದರೆ ನನಗೆ ಕಷ್ಟ. ಎರಡಕ್ಕೂ ನಡುವೆ ಇಷ್ಟು ವಿಶಾಲವಾದ ಜಾಗ ಇರುವಾಗ ಮನುಷ್ಯ ಯಾಕೆ ಅಂಚಿಗೆ ಹೋಗಿ ನಿಲ್ಲಬೇಕು? ನನ್ನ ಹೆಂಡತಿಯನ್ನು ನೋಡಲು ಹೋದ ದಿನವೂ, ಹುಡುಗಿ ಒಪ್ಪಿಗೆಯೇ ಎಂದು ಮಾವನವರು ಕೇಳಿದ್ದಕ್ಕೆ ನಾನು ಇದೇ ಮಾತು ಹೇಳಿದ್ದೆನಂತೆ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

ಆರೋಪ ಏನೆಂದರೆ, ಸಾಗರದ ಒಂದು ವಾಚನಾಲಯದವರು ಈ ಪುಸ್ತಕವನ್ನು ಯಾರಿಗೂ ಕೊಡದೆ ಬೀಗ ಹಾಕಿ ಇಟ್ಟಿದ್ದಾರೆ ಎಂದು ಸುದ್ದಿ ಬಂದಿತ್ತು. ಶೆಟ್ಟರು ಹೇಳಿದರು: “ಸಾಗರದೋರೇ ಮುಚ್ಚಿಟ್ಟಿದಾರೆ ಅಂದ್ಮೇಲೆ ನಾವು ತೆಗೆದಿಟ್ಕೊಂಡು ಕೂತ್ರೆ ಊರಿಗೆ ಮರ್ಯಾದೆ ಏನು ರಾಯರೇ?” ಪುಸ್ತಕದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತೀರ್ಪು ಕೊಡುವುದು ಕಾನೂನಲ್ಲ ಎಂದ ರಾಯರು, ಮೂವರು ಸದಸ್ಯರೂ ಸರದಿಯ ಮೇಲೆ ಮನೆಗೆ ಒಯ್ದು ಓದಬೇಕು, ಅಲ್ಲಿಯವರೆಗೆ ಬೇರೆ ಯಾರಿಗೂ ಕೊಡಕೂಡದು ಎಂದು ವಿಧಿಸಿದರು. ಕಾರ್ಯದರ್ಶಿಯ ಅಭಿಪ್ರಾಯ ಏನೆಂದು ಕೇಳಿದರು. ನಾನು ಏನು ಹೇಳಿದೆ ಎಂದು ನಿಮಗೇ ಗೊತ್ತು.

ತೊಂದರೆ ಏನೆಂದರೆ, ಸಭೆ ಸೇರುವ ಸ್ವಲ್ಪ ಮೊದಲಿನವರೆಗೂ ಪುಸ್ತಕ ಒಬ್ಬರ ಕೈಯಲ್ಲಿತ್ತು. ಹೆರಿಗೆ ಆಸ್ಪತ್ರೆಯ ನರ್ಸ್ ಲೀಲಮ್ಮ ನಮ್ಮ ವಾಚನಾಲಯದ ನಿಜವಾದ ಓದುಗರು. ಉಳಿದವರೆಲ್ಲ ಪತ್ರಿಕೆಯಲ್ಲಿ ಅಡಿಕೆ ಧಾರಣೆ ನೋಡಿ ಮಡಿಸಿಟ್ಟು ಹೋಗುವವರು. ಸಭೆಗೆಂದು ನಾನು ಹೋಗಿ ಅವರಿಂದ ಪುಸ್ತಕ ಇಸಕೊಂಡು ಬಂದಿದ್ದೆ. ಕೊನೆಯ ಹನ್ನೆರಡು ಪುಟ ಬಾಕಿ ಇತ್ತು. ಕಥೆಯ ಹೆಣ್ಣುಮಗಳು ಗಂಡನ ಮನೆಯವರ ಮಾತು ಮೀರಿ, ಟ್ರಂಕು ಹಿಡಿದು ರೈಲ್ವೆ ಸ್ಟೇಷನ್ನಿನ ಕಡೆ ಹೊರಟಿದ್ದಳಂತೆ.

“ಒಂದರ್ಧ ಗಂಟೆ ಬಿಡಿ ಮೇಷ್ಟ್ರೇ, ಅವಳು ರೈಲು ಹತ್ತಿದ್ಲಾ ಇಲ್ವಾ ನೋಡಿ ಕೊಟ್ಬಿಡ್ತೀನಿ” ಎಂದರು ಲೀಲಮ್ಮ.

“ಸಭೆ ಶುರುವಾಗ್ತಿದೆಯಲ್ಲ ಲೀಲಮ್ಮ. ನಾಳೆನೇ ವಾಪಸ್ ತಂದ್ಕೊಡೋದಕ್ಕೆ ನೋಡೋಣ” ಎಂದು ನಾನು ಕಿತ್ತುಕೊಂಡು ಬಂದಿದ್ದೆ.

ಆ ನಾಳೆ ಬರಲಿಲ್ಲ. ಪುಸ್ತಕ ರಾಯರ ಮನೆಯಲ್ಲಿ ಎರಡು ವಾರ, ಭಟ್ಟರ ಮನೆಯಲ್ಲಿ ಮೂರು ವಾರ, ಶೆಟ್ಟರ ಅಂಗಡಿಯ ಗಲ್ಲಾದ ಕೆಳಗೆ ಹತ್ತು ದಿನ. ಈ ನಡುವೆ ಊರಿಗೆ ಹಠಾತ್ತನೆ ಓದುವ ಹುಚ್ಚು ಹಿಡಿಯಿತು. ವಾಚನಾಲಯದ ಮೆಟ್ಟಿಲು ಹತ್ತದವರೆಲ್ಲ ಬಂದು, “ಆ ಹಸಿರು ಪುಸ್ತಕ ಬಂತಾ?” ಎಂದು ಕೇಳತೊಡಗಿದರು. ಬೇರೆ ಹಸಿರು ಪುಸ್ತಕ ಇದೆ, ಕೋಳಿ ಸಾಕಣೆಯ ಮೇಲೆ, ಎಂದರೆ ಬೇಡವಂತೆ. ಕೊನೆಗೆ ಅದನ್ನೂ ಒಬ್ಬರು ಒಯ್ದರು. ಒಂದು ವಾರ ಹುಡುಕಿ, ಕೆಟ್ಟದ್ದೇನೂ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ತಂದುಕೊಟ್ಟರು.

ಸದಸ್ಯರ ವರದಿ ಬಂದಾಗ ನನ್ನ ತಲೆ ಪೂರ್ತಿ ಕೆಟ್ಟಿತು. ರಾಯರಿಗೆ ಕಥೆಯ ಹೆಂಗಸು ಮನೆ ಬಿಟ್ಟದ್ದರ ಬಗ್ಗೆ ಆಕ್ಷೇಪಣೆಯೇ ಇಲ್ಲ. ಅದರಲ್ಲಿ ಒಬ್ಬ ವಕೀಲ, ಕೇಸು ಕರೆದಾಗಲೆಲ್ಲ ವಾಯಿದೆ ಕೇಳಿ, ಕಕ್ಷಿದಾರ ಮುದುಕನಾಗುವವರೆಗೆ ಎಳೆಯುತ್ತಾನೆ. ಅದು ಮೂರು ಕಡೆ ಬರುತ್ತದೆ. “ಇದು ನ್ಯಾಯಾಂಗದ ನಿಂದನೆ” ಎಂದರು. ಶೆಟ್ಟರಿಗೆ ವಕೀಲನ ಭಾಗ ಬಹಳ ಹಿಡಿಸಿತ್ತು. ಅವರ ಸಿಟ್ಟೆಲ್ಲ, ಮೀಟರ್ ಅಳತೆ ಬಂದ ಮೇಲೂ ಹಳೆಯ ಗಜಕಡ್ಡಿಯಲ್ಲಿ ಬಟ್ಟೆ ಎಳೆದೆಳೆದು ಅಳೆಯುವ ಅಂಗಡಿಯವನ ಮೇಲೆ. ಅದು ಎರಡು ಕಡೆ. ಇನ್ನು ಭಟ್ಟರು. ನಮ್ಮ ಹತ್ತಿರ ಪೇಟೆಯ ಕನ್ನಡ ಆಡುವವರು, ಕೋಪ ಬಂದರೆ ಮನೆಮಾತಿಗೆ ಇಳಿಯುವವರು. ಅಂದು ಬಂದವರೇ ಇಳಿದರು. “ಎಂತ ಬರದ್ದ ಮಾರಾಯ್ರೆ ಅಂವ! ಮನೇಲಿ ಮಡಿ, ಪೇಟೆಗೆ ಹೋದ್ರೆ ಈರುಳ್ಳಿ ಬಜ್ಜಿ ಅಡ! ನಾಲ್ಕು ಕಡೆ ಇದ್ದು. ಆನು ಬಜ್ಜಿ ತಿಂಬದು ಅವಂಗೆ ಹೆಂಗೆ ಗೊತ್ತಾತು?”

“ತಿಂತೀರಾ ಭಟ್ಟರೇ?” ಎಂದರು ಶೆಟ್ಟರು.

“ತಿಂಬದಿಲ್ಲೆ!” ಎಂದರು ಭಟ್ಟರು.

ಆ ಲೇಖಕ ಎಲ್ಲೋ ದೂರದ ಊರಿನವನು, ಹೊಸನಗರದ ಹೆಸರನ್ನೂ ಕೇಳಿದ್ದನೋ ಇಲ್ಲವೋ. ಹಾಗಿದ್ದೂ ನಮ್ಮ ಕಮಿಟಿಯ ಫೋಟೋ ತೆಗೆದ ಹಾಗೆ ಬರೆದದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಕಥೆ ಮಾತ್ರ ಮೂಟೆಗಟ್ಟಲೆ ಬರುತ್ತಿತ್ತು. ಚಿಕ್ಕಂದಿನಲ್ಲಿ ನಾನು ಹೆದರಿಕೊಂಡು, ಅಜ್ಜಿ, ರಾಕ್ಷಸನನ್ನು ಬಿಟ್ಟು ಹೇಳು ಎಂದರೆ, “ರಾಕ್ಷಸನ್ನ ಬಿಟ್ರೆ ರಾಜನ ಮಗ ಅಷ್ಟು ದೂರ ಹೋಗಿದ್ದು ಎಂತಕ್ಕೆ ಮಗಾ, ಗಾಳಿ ಕುಡಿಯೋಕಾ?” ಎನ್ನುತ್ತಿದ್ದಳು. ಅದನ್ನು ಸಭೆಯಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಮೂವರೂ ನನ್ನ ಕಡೆ ನೋಡಿದರು. ಕಿಟಕಿ ಹಾಕಲೇ ಎಂದು ಕೇಳಿ ಕುಳಿತುಕೊಂಡೆ.

ರಾಯರೇ ರಾಜಿ ಸೂತ್ರ ತಂದರು. ಆಕ್ಷೇಪಣೆಯ ಒಂಬತ್ತು ಜಾಗಕ್ಕೂ ಬಿಳಿ ಕಾಗದದ ಚೀಟಿ ಅಂಟಿಸುವುದು. ಆಮೇಲೆ ಮುಂದಿನ ಸಭೆ ಅದನ್ನು ನೋಡಿ ಒಪ್ಪಿದರೆ ಪುಸ್ತಕ ಹೊರಗೆ ಬಿಡುವುದು. ಅಂಟಿಸುವ ಕೆಲಸ ಕಾರ್ಯದರ್ಶಿಯದ್ದು. ಮುಂದಿನ ಸಭೆ ಯಾವತ್ತು ಎಂದರೆ, ರಾಯರು ಅದಕ್ಕೂ ವಾಯಿದೆ ಹಾಕಿದರು.

ಅದೇ ವಾರ ಲೀಲಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ತೀರ್ಥಹಳ್ಳಿ ಆಸ್ಪತ್ರೆಗೆ ವರ್ಗದ ಆರ್ಡರ್ ಬಂದಿತ್ತು. “ನಮ್ಮತ್ತೆ ಸಾಗರದಿಂದ ಕಾಗದ ಬರೆಸಿದಾರೆ ಮೇಷ್ಟ್ರೇ. ಇಷ್ಟು ದಿನ ಸುಮ್ನಿದ್ವಿ, ಇನ್ನು ಊರೂರು ತಿರುಗೋದು ಬೇಡ, ರಾಜೀನಾಮೆ ಕೊಟ್ಟು ಮನೆಗೆ ಬಾ ಅಂತ. ನಮ್ಮನೆಯೋರು ಹೂಂ ಅಂತಲೂ ಹೇಳಲ್ಲ, ಉಹೂಂ ಅಂತಲೂ ಹೇಳಲ್ಲ.” ಆ ಮನುಷ್ಯನ ಬಗ್ಗೆ ನನಗೆ ಒಳಗೊಳಗೇ ಆತ್ಮೀಯತೆ ಹುಟ್ಟಿತು. “ಸೋಮವಾರ ಬೆಳಗ್ಗೆ ರೂಮು ಖಾಲಿ ಮಾಡ್ಬೇಕು. ಅಷ್ಟ್ರೊಳಗೆ ಆ ಪುಸ್ತಕ ಸಿಗುತ್ತಾ? ಹೋಗ್ಲಿ, ಇದೊಂದಾದ್ರೂ ಹೇಳಿ. ಅವಳು ಹತ್ತಿದ್ಲಾ?”

ಇಲ್ಲಿ ನನ್ನ ಮಾನ ಹೋಯಿತು. ಇಷ್ಟು ರಾದ್ಧಾಂತವಾದರೂ ನಾನು ಆ ಕಥೆಯನ್ನು ಓದಿರಲಿಲ್ಲ. ಗುರುತು ಹಾಕಿಕೊಟ್ಟ ಒಂಬತ್ತು ಜಾಗಗಳನ್ನು ಏಳು ಸಲ ಓದಿದ್ದೆ. ರಾಯರನ್ನು ಕೇಳಿದೆ, ಅವರು ವಕೀಲನ ಪುಟ ದಾಟಿ ಮುಂದೆ ಹೋಗಿರಲಿಲ್ಲ. ಶೆಟ್ಟರು ಗಜಕಡ್ಡಿಯಲ್ಲೇ ನಿಂತಿದ್ದರು. “ರೈಲೆಲ್ಲಿದ್ದು ಅದ್ರಲ್ಲಿ?” ಎಂದರು ಭಟ್ಟರು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮೈದಾ ಅಂಟು ಕಾಯಿಸಿ ತಂದು, ವಾಚನಾಲಯದಲ್ಲಿ ಒಬ್ಬನೇ ಕುಳಿತು ಒಂಬತ್ತು ಚೀಟಿ ಹಚ್ಚಿದೆ. ಅಂಟು ಒಣಗಲೆಂದು ಪುಟ ಬಿಡಿಸಿ ಹಿಡಿದಾಗ ಕೊನೆಯ ಪುಟ ತಾನಾಗಿ ತೆರೆಯಿತು. ಅಲ್ಲಿ ಸ್ಟೇಷನ್ನು. ಆ ಹೆಣ್ಣುಮಗಳು ಟ್ರಂಕಿನ ಮೇಲೆ ಕುಳಿತಿದ್ದಾಳೆ. ಊರಿನ ಮೇಷ್ಟ್ರು ಒಬ್ಬ ಬರುತ್ತಾನೆ. ನಿಮ್ಮ ಮಾತನ್ನು ನನ್ನ ಗಂಡನ ಮನೆಯವರು ಕೇಳುತ್ತಾರೆ, ನನ್ನ ಪರವಾಗಿ ಒಂದು ಮಾತು ಹೇಳಿ ಎಂದು ಅವಳು ಬೇಡುತ್ತಾಳೆ. ಅವನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, ‘ನೋಡೋಣ’ ಎನ್ನುತ್ತಾನೆ.

ನನ್ನ ಕೊಡೆ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು. ಕೊಡೆ ಸಮೇತ ಬರೆದಿದ್ದಾನೆ! ಇದನ್ನು ಓದಿದರೆ ಲೀಲಮ್ಮ ಏನು ತಿಳಿದುಕೊಂಡಾರು? ಊರೇನು ತಿಳಿದುಕೊಂಡೀತು? ಮೈದಾ ಮುಗಿದಿತ್ತು. ನನ್ನ ಸ್ಟೂಲಿನ ಕಾಲು ಕೂಡಿಸಲು ಬಡಗಿ ತಂದಿಟ್ಟಿದ್ದ ಅಂಟು ಡಬ್ಬಿಯಲ್ಲಿತ್ತು. ಸಭೆಯ ಠರಾವಿಲ್ಲದೆ, ಯಾರನ್ನೂ ಕೇಳದೆ, ಬದುಕಿನಲ್ಲಿ ಮೊದಲನೆಯ ಸಲ ನಾನೊಬ್ಬನೇ ಒಂದು ತೀರ್ಮಾನ ಮಾಡಿದೆ. ನಾಲ್ಕು ಸಾಲಿಗೆ ಹಚ್ಚಬೇಕಾಗಿದ್ದ ಚೀಟಿ ಗಡಿಬಿಡಿಯಲ್ಲಿ, ನಾನಿನ್ನೂ ಓದಿರದ ಸಾಲುಗಳನ್ನೂ ಮುಚ್ಚಿ, ಪುಟದ ತಳದವರೆಗೂ ಇಳಿಯಿತು.

ಹಚ್ಚಿದ ಮೇಲೆ ಮನಸ್ಸು ತಡೆಯಲಿಲ್ಲ. ಸೋಮವಾರ ಬೆಳಗ್ಗೆ ಪುಸ್ತಕವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಳ್ಳನ ಹಾಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಸಾಗರದ ಬಸ್ಸು, ತೀರ್ಥಹಳ್ಳಿಯ ಬಸ್ಸು ಎರಡೂ ನಿಂತಿದ್ದವು. ನಡುವೆ ಲೀಲಮ್ಮ, ತಮ್ಮ ಟ್ರಂಕಿನ ಮೇಲೆ ಕುಳಿತಿದ್ದರು.

“ಕಮಿಟಿಯವರು ಒಂಬತ್ತು ಚೀಟಿ ಹಚ್ಚಿಸಿದಾರೆ, ಏನೂ ತಿಳ್ಕೋಬೇಡಿ” ಎಂದು ಕೊಟ್ಟೆ.

ಅವರ ಮುಖ ಅರಳಿತು. “ಕಮಿಟಿ ಒಪ್ತಾ?”

“ಇಲ್ಲ.”

ಅಷ್ಟು ಸ್ಪಷ್ಟವಾಗಿ ನಾನು ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ. ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, “ಮೇಷ್ಟ್ರೇ, ನೀವಾದ್ರೆ ಯಾವ ಬಸ್ಸು ಹತ್ತುತ್ತಿದ್ರಿ?” ಎಂದರು. ನಾನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡೆ. ಬದಲಿಸಿಕೊಂಡದ್ದು ನನಗೇ ಕಾಣಿಸಿತು. ಬಾಯಿಗೆ ಬಂದ ಮಾತನ್ನು ಹೇಗೋ ನುಂಗಿ, ಮೊದಲ ಗಂಟೆಗೆ ಹೊತ್ತಾಯಿತೆಂದು ಹೇಳಿ ಶಾಲೆಯ ಕಡೆ ಹೆಜ್ಜೆ ಹಾಕಿದೆ. ತಿರುಗಿ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಪುಸ್ತಕ ಅಂಚೆಯಲ್ಲಿ ವಾಪಸು ಬಂತು. ಮುದ್ರೆ ತೀರ್ಥಹಳ್ಳಿಯದು. ಅದನ್ನು ನೋಡಿ ನಾನು ತರಗತಿಯಲ್ಲೇ ಒಬ್ಬನೇ ನಕ್ಕೆನಂತೆ. ಒಳಗೆ ಒಂದು ಲಕೋಟೆ, ಅದರಲ್ಲಿ ಒಂಬತ್ತು ಚೀಟಿ, ಜೊತೆಗೆ ಒಂದು ಕಾಗದ: ‘ಮೇಷ್ಟ್ರಿಗೆ ನಮಸ್ಕಾರ. ಈ ಒಂಬತ್ತು ಜಾಗ ನಾನು ಮೊದಲೇ ಓದಿದ್ದೆ. ಮುಂದೆ ಓದುವವರಿಗೆ ಇರಲಿ ಎಂದು, ಆಸ್ಪತ್ರೆಯಲ್ಲಿ ಸೂಜಿ ಕುದಿಸುವ ಪಾತ್ರೆಯ ಹಬೆ ಕೊಟ್ಟು ತೆಗೆದಿದ್ದೇನೆ. ಹತ್ತನೆಯದೊಂದು ಸಿಕ್ಕಿತು, ನೀವು ಹೇಳಿರಲಿಲ್ಲ. ಅದು ಮಾತ್ರ ಏನು ಮಾಡಿದರೂ ಬರಲಿಲ್ಲ. ಅವಳು ಹತ್ತಿದಳೋ ಇಲ್ಲವೋ ಗೊತ್ತಾಗಲಿಲ್ಲ. ಕಾದು ಸಾಕಾಗಿ ನಾನು ಹತ್ತಿದೆ. ಅದಕ್ಕೆ ಯಾವ ಅಂಟು ಹಾಕಿದ್ದೀರಿ?’

ನಾನೂ ಹಬೆ ಕೊಟ್ಟು ನೋಡಿದೆ, ಬ್ಲೇಡಿನಲ್ಲಿ ಕೆರೆದು ನೋಡಿದೆ. ಚೀಟಿ ಬಂತು, ಅಕ್ಷರಗಳೂ ಅದರ ಜೊತೆಗೇ ಬಂದವು. ಪುಟದಲ್ಲಿ ಉಳಿದದ್ದು ಟ್ರಂಕು ಮಾತ್ರ. ನನ್ನ ಸ್ಟೂಲಿನ ಕಾಲು ಇನ್ನೂ ಅಲ್ಲಾಡುತ್ತಿತ್ತು.

ಮುಂದಿನ ರಜೆಯಲ್ಲಿ ಸಾಗರಕ್ಕೆ ಹೋದಾಗ ಆ ವಾಚನಾಲಯವನ್ನು ಹುಡುಕಿಕೊಂಡು ಹೋದೆ. ಅಲ್ಲಿಯ ಕಾರ್ಯದರ್ಶಿಯೂ ಒಬ್ಬ ಮೇಷ್ಟ್ರು. ಬೀಗ ಹಾಕಿಟ್ಟ ಆ ಪುಸ್ತಕದ ಕೊನೆಯ ಪುಟ ಒಂದನ್ನು ತೋರಿಸಿದರೆ ಸಾಕು, ತೀರ್ಥಹಳ್ಳಿಗೆ ಒಂದು ಕಾಗದ ಬರೆಯುವುದಿದೆ ಎಂದು ಕೇಳಿಕೊಂಡೆ. “ಹೊಸನಗರದೋರಾ? ನೀವು ಮುಚ್ಚಿಟ್ರಿ ಅಂತ ಕೇಳೇ ಅಲ್ವಾ ನಾವೂ ಮುಚ್ಚಿಟ್ಟಿದ್ದು!” ಎಂದು ಆತ ನಕ್ಕರು. ನಾನು ಮತ್ತೊಮ್ಮೆ ಕೇಳಿದೆ. ಆತ ಕಪಾಟಿನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಉಡಿದಾರದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

“ನೋಡೋಣ” ಎಂದರು.