ಹುಣಸೆಮರದ ಹತ್ತಿರ ಹಾರ್ನು

ದೆವ್ವ ಇಲ್ಲ ಎಂದು ಹೇಳುವುದಕ್ಕೆ ಅಂಥ ಧೈರ್ಯವೇನೂ ಬೇಕಾಗಿಲ್ಲ. ಕೈಯಲ್ಲಿ ಮೈಕು, ಎದುರಿಗೆ ಮಂದಿ, ತಲೆಯ ಮೇಲೊಂದು ಫ್ಯಾನು ಇದ್ದರೆ ಸಾಕು. ನಾನು ಯಾದಗಿರಿಯಲ್ಲಿ ವಿಜ್ಞಾನದ ಮಾಸ್ತರ. ಮೂಢನಂಬಿಕೆಯ ಬಗ್ಗೆ ಎಲ್ಲಿ ಭಾಷಣವಿದ್ದರೂ ನನಗೇ ಹೇಳಿಕಳಿಸುತ್ತಾರೆ. ಊಟ ಹಾಕಿದರೆ ಸಾಕು ಎನ್ನುವವನು ನಾನೊಬ್ಬನೇ. ಸುರಪುರದ ಒಂದು ಶಾಲೆಯವರು ಕರೆದಾಗ, ಬಸ್ಸು ಬೇಡ, ಬೈಕಿನಲ್ಲೇ ಹೋಗುತ್ತೇನೆ ಎಂದೆ. ದೂರದ ಊರುಗಳಿಗೆ ಬೈಕಿನಲ್ಲಿ ಹೋಗಿ ಗುಡ್ಡದ ಮುಂದೆ ನಿಂತವರ ಫೋಟೋಗಳನ್ನು ಫೋನಿನಲ್ಲಿ ನೋಡಿ ನೋಡಿ ನನಗೂ ಆಸೆ ಹುಟ್ಟಿತ್ತು. ಹೆಂಡತಿ ಬುತ್ತಿ ಕಟ್ಟುತ್ತ, "ಶಹಾಪುರ ದಾಟಿದ ಮ್ಯಾಲ ಒಂದು ಹುಣಸಿಗಿಡ ಬರ್ತದ. ಅಲ್ಲಿ ಎಲ್ಲಾರೂ ಹಾರ್ನ್ ಹೊಡದೇ ಹೋಗ್ತಾರ, ನೀವೂ ಹೊಡೀರಿ" ಎಂದಳು. ಅಲ್ಲಿ ಯಾರಿದ್ದಾರಂತೆ ಎಂದು ಕೇಳಿದೆ. "ಯಾರದಾರಂತ ಕೇಳಬಾರದು, ಹೊಡೀಬೇಕು." ನನ್ನ ಗಾಡಿಯ ಹಾರ್ನು ಕೆಟ್ಟು, ಮೆಕ್ಯಾನಿಕ್ ಅದನ್ನು ಬಿಚ್ಚಿಟ್ಟುಕೊಂಡು ಎಷ್ಟೋ ದಿನವಾಗಿತ್ತು. ಹಾರ್ನೇ ಇಲ್ಲದವನಿಗೆ ಏನು ಚಿಂತೆ ಎಂದು ನಕ್ಕೆ. ಅವಳು ನಗಲಿಲ್ಲ.

ಶಹಾಪುರದ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುವ ಕಡೆ ಮೂವರು ಸವಾರರು ನಿಂತು ಫೋಟೋ ತೆಗೆಯುತ್ತಿದ್ದರು. ದೊಡ್ಡ ದೊಡ್ಡ ಗಾಡಿಗಳು, ಮೊಣಕಾಲಿಗೂ ಕವಚ. ಅವರ ಮುಂದಾಳು ರೇಣುಕಾ, ರಾಯಚೂರಿನ ನರ್ಸು. ವಾರಗಟ್ಟಲೆ ಊರೂರು ತಿರುಗಿ ಈಗ ಸುರಪುರದ ಕಡೆ ಹೊರಟಿದ್ದರು. ನನ್ನ ಬುತ್ತಿಗಂಟನ್ನೂ, ತಲೆಗೆ ಸುತ್ತಿದ ಟವೆಲ್ಲಿನ ಮೇಲೆ ಕೂತ ಹೆಲ್ಮೆಟ್ಟನ್ನೂ ನೋಡಿ ಆಕೆ, "ಸರ್, ನೀವು ಈ ಕಡಿಯವ್ರು. ಮುಂದ ನಡೀರಿ, ನಾವು ನಿಮ್ಮ ಹಿಂದ ಬರ್ತೀವಿ" ಎಂದಳು. ನನ್ನ ಹಿಂದೆ ಬರುತ್ತೇನೆ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ. ಮದುವೆಯ ದಿನ ಹೆಂಡತಿಯೂ ಒಂದು ಹೆಜ್ಜೆ ಮುಂದೆಯೇ ಇದ್ದಳು. ಎದೆ ಉಬ್ಬಿಸಿ ಗಾಡಿ ಬಿಟ್ಟೆ.

ಮಟಮಟ ಮಧ್ಯಾಹ್ನ. ಒಂದು ಕಡೆ ಹತ್ತಿಹೊಲ, ಇನ್ನೊಂದು ಕಡೆ ಒಂದರ ಮೇಲೊಂದು ಕೂತ ಬಂಡೆಗಳು. ದಾರಿಯಲ್ಲಿ ನರಪಿಳ್ಳೆಯಿಲ್ಲ, ಒಂದು ಕಾಗೆಯೂ ಇಲ್ಲ. ರಸ್ತೆಯ ಮೇಲೆ ಬಾಗಿದ ಹುಣಸೆಮರದ ನೆರಳು ದಾರಿಗೆ ಅಡ್ಡ ಬಿದ್ದಿತ್ತು. ಅದರೊಳಗೆ ಹೊಕ್ಕೆನೋ ಇಲ್ಲವೋ, ಬೆನ್ನ ಮೇಲಿನ ಬೆವರು ತಣ್ಣಗಾಯಿತು. ಆಗಲೇ ಉದ್ದಕ್ಕೊಂದು ಹಾರ್ನು ಕೇಳಿತು, ಹೊಟ್ಟೆಯೊಳಗೇ ಬಾರಿಸಿದಷ್ಟು ಹತ್ತಿರ. ಹಿಂದಿನವರು ಹೊಡೆದರು, ಪಾಪ, ಓದಿದವರೂ ಹೀಗೇ ಎಂದು ಮರುಗಿದೆ. ಭಾಷಣಕ್ಕೊಂದು ಉದಾಹರಣೆ ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಆಯಿತು.

ಮುಂದೆ ಒಂದು ಚಹದ ಅಂಗಡಿಯಲ್ಲಿ ನಿಂತೆವು. ರೇಣುಕಾ ಹೆಲ್ಮೆಟ್ಟು ತೆಗೆದು, "ಸರ್, ಆ ಗಿಡದ ಹಂತೇಕ ಅಷ್ಟುದ್ದ ಹಾರ್ನ್ ಯಾಕ ಹೊಡದ್ರಿ? ಏನರ ಅಡ್ಡ ಬಂತೇನಂತ ನಾವು ಬ್ರೇಕ್ ಹಾಕಿದ್ವಿ" ಎಂದಳು.

"ನೀವಲ್ಲೇನ್ರಿ ಹೊಡದದ್ದು?"

"ನಾವ್ಯಾರೂ ಮುಟ್ಟೇ ಇಲ್ರಿ. ನಿಮ್ಮ ಗಾಡೀಲಿಂದನ ಬಂತು."

ನಾನು ಅವಳನ್ನು ಗಾಡಿಯ ಮುಂದೆ ಕರೆದುಕೊಂಡು ಹೋದೆ. ಹಾರ್ನಿನ ಜಾಗದಲ್ಲಿ ಎರಡು ವೈರು ಜೋತಾಡುತ್ತಿದ್ದವು. ಅವಳು ವೈರು ನೋಡಿದಳು, ನನ್ನನ್ನು ನೋಡಿದಳು. ಜೊತೆಯವರಿಬ್ಬರು ಚಹ ಅರ್ಧಕ್ಕೇ ಇಟ್ಟರು. "ಸರ್, ಇನ್ನ ನಾವೇ ಮುಂದ ಹೋಗ್ತೀವ್ರಿ" ಎಂದು ಆಕೆ ಬಹಳ ಮೆತ್ತಗೆ ಹೇಳಿದಳು. ಅವರ ಧೂಳು ಇಳಿಯುವ ತನಕ ನಾನು ಅಲ್ಲೇ ಕೂತಿದ್ದೆ.

ಆ ಸಂಜೆಯ ಭಾಷಣದಷ್ಟು ಜೋರಾಗಿ ನಾನು ಎಂದೂ ಮಾತಾಡಿಲ್ಲ. ಕೊನೆಗೆ ಒಬ್ಬ ಹುಡುಗಿ ಎದ್ದು, "ಸರ್, ನಿಮಗ ಯಾವತ್ತೂ ಅಂಜಿಕಿ ಬಂದಿಲ್ಲೇನ್ರಿ?" ಎಂದು ಕೇಳಿದಳು. ಇಲ್ಲವ್ವ ಎಂದೆ. ಚಪ್ಪಾಳೆ ಬಿತ್ತು. ನನಗಿರುವುದು ಈ ಒಂದು ಮರ್ಯಾದೆ. ಇದೂ ಹೋದರೆ ಜಿಲ್ಲೆಯಲ್ಲಿ ಇನ್ಯಾರು ನನಗೆ ಮೈಕು ಕೊಟ್ಟಾರು? ರಾತ್ರಿ ಹೆಡ್‌ಮಾಸ್ತರರ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಎದ್ದವನೇ ಸುರಪುರದ ಮೆಕ್ಯಾನಿಕ್ ಒಬ್ಬನನ್ನು ಎಬ್ಬಿಸಿ ಹೊಸ ಹಾರ್ನು ಹಾಕಿಸಿದೆ. ಓಣಿಯ ನಾಯಿಗಳೆಲ್ಲ ಓಡುವಂತೆ ಬಾರಿಸಿಯೂ ನೋಡಿದೆ. ಗಿಡದ ಹತ್ತಿರ ಮಾತ್ರ ಹೊಡೆಯಬಾರದು, ಏನಾಗುತ್ತದೆ ನೋಡೋಣ, ಇದೊಂದು ಪ್ರಯೋಗ ಎಂದು ನಿಶ್ಚಯಿಸಿಕೊಂಡು ಹೊರಟೆ.

ನೆರಳು ಕಂಡದ್ದೇ ತಡ, ಹೆಬ್ಬೆರಳು ನನ್ನನ್ನು ಕೇಳದೆ ಗುಂಡಿ ಒತ್ತಿತು. ಸದ್ದಿಲ್ಲ. ಮತ್ತೆ ಒತ್ತಿದೆ, ಸದ್ದಿಲ್ಲ. ಗಾಡಿಯೂ ಗಿಡದ ಕೆಳಗೇ ಬಂದು ನಿಂತಿತು. ಗಾಳಿಯಿರಲಿಲ್ಲ, ಆದರೂ ಹುಣಸೆ ಎಲೆಗಳು ಹೆಗಲ ಮೇಲೆ ಉದುರುತ್ತಿದ್ದವು. ಪಾಠ ಒಪ್ಪಿಸುವ ತನಕ ಸುಮ್ಮನೆ ನಿಲ್ಲುವ ಮಾಸ್ತರನ ಹಾಗೆ ಯಾರೋ ಕಾಯುತ್ತಿದ್ದಾರೆ ಅನ್ನಿಸಿತು. ನನಗೆ ಬಹಳ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಹಿಂದೆ ಮುಂದೆ ನೋಡಿದೆ. ಯಾರೂ ಇಲ್ಲ. ಕಣ್ಣು ಮುಚ್ಚಿ, ಕೈ ಮುಗಿದು, ಬಾಯಿಂದಲೇ "ಪೋಂ" ಎಂದೆ.

ಕಣ್ಣು ಬಿಟ್ಟರೆ ಎದುರಿಗೊಂದು ಬೈಕು. ಹಿಂದಿನ ಸೀಟಿನಲ್ಲಿ ಪಾಟೀಚೀಲ ಹಿಡಿದು, ನಿನ್ನೆ ಪ್ರಶ್ನೆ ಕೇಳಿದ ಅದೇ ಹುಡುಗಿ. ಶಾಲೆಗೆ ಬಿಡಲು ಹೊರಟ ಅವಳ ಅಪ್ಪ ಉದ್ದಕ್ಕೆ ಹಾರ್ನು ಹೊಡೆದು ತಲೆ ಬಾಗಿಸಿದ. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಹುಡುಗಿ ನಗಲಿಲ್ಲ. ಅಪ್ಪನ ಭುಜದ ಹಿಂದಿನಿಂದ ಬಗ್ಗಿ, ಗಿಡಕ್ಕೆ ಕೇಳಿಸಬಾರದು ಎನ್ನುವಂತೆ ಸಣ್ಣ ದನಿಯಲ್ಲಿ ಹೇಳಿದಳು: "ಹಂಗಲ್ರಿ ಸರ್. ಇನ್ನೊಂದೀಟು ಉದ್ದ ಅನ್ರಿ. ಅಷ್ಟಕ್ಕ ಬಿಡಂಗಿಲ್ಲ."

ವಿಜ್ಞಾನದ ಮಾಸ್ತರ ನಾನು, ಉಸಿರು ಮುಗಿಯುವ ತನಕ ಅಂದೆ.