ಹಿತ್ತಲು ನೋಡಿ ಆರಿಸಿದ ಪದವಿ

ಬಸವಪ್ರಭು ಮಾಸ್ತರರಿಗೆ ನಾಯಕರಾಗಬೇಕಿತ್ತು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಯಾವ ಕಾಲೇಜಿಗೆ ಹೋಗಿ ಆಗಬೇಕು ಎಂಬುದೊಂದೇ ಬಗೆಹರಿದಿರಲಿಲ್ಲ. ಹುಬ್ಬಳ್ಳಿಯ ಅವರ ಹೈಸ್ಕೂಲಿನ ಹೆಡ್‌ಮಾಸ್ತರರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಆ ಕುರ್ಚಿಯಲ್ಲಿ ಕೂರುವವರಿಗೆ ಶೈಕ್ಷಣಿಕ ನಾಯಕತ್ವದಲ್ಲಿ ಸ್ನಾತಕೋತ್ತರ ಪದವಿ ಇರಬೇಕು, ಇಲ್ಲವೇ ಅವರು ಅದನ್ನು ಓದುತ್ತಲಾದರೂ ಇರಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿತ್ತು. ಗಣಿತದ ಶಶಿಕುಮಾರ ಆಗಲೇ ಎಲ್ಲೋ ಹೆಸರು ಹಚ್ಚಿ, ನಡೆಯುವ ಗತ್ತನ್ನೂ ಬದಲಿಸಿಕೊಂಡಿದ್ದ.

ನಲವತ್ತೈದು ದಾಟಿದ ಬಸವಪ್ರಭು ಮಾತ್ರ ಊಟದ ಮೇಜಿನ ಮೇಲೆ ಮೂರು ಮಾಹಿತಿ ಪುಸ್ತಿಕೆಗಳನ್ನು ಹರಡಿಕೊಂಡು ಮೀನಮೇಷ ಎಣಿಸುತ್ತಿದ್ದರು. ಒಂದು ಹುಬ್ಬಳ್ಳಿಯದೇ ಗಾಜಿನ ಕಟ್ಟಡದ ಸಂಸ್ಥೆ, ಒಂದು ಧಾರವಾಡದ ಹಳೆಯ ಕಾಲೇಜು, ಇನ್ನೊಂದು ಪೂರಾ ಮೊಬೈಲಿನಲ್ಲೇ ಮುಗಿಯುವಂಥದ್ದು. ಇವತ್ತು ಛಲೋ ಎನಿಸಿದ್ದರಲ್ಲಿ ನಾಳೆ ಹುಳುಕು ಕಾಣುತ್ತಿತ್ತು. (ಮಿಕ್ಸರ್ ಕೊಳ್ಳುವಾಗಲೂ ಹೀಗೇ ಆಗಿ, ಆ ವರ್ಷವಿಡೀ ಮನೆಯ ಚಟ್ನಿ ಒರಳಿನಲ್ಲೇ ಆಗಿತ್ತು. ಅರೆದವರು ಅದನ್ನು ಮರೆತಿರಲಿಲ್ಲ.)

ಅರೆದವರು, ಅಂದರೆ ಹೆಂಡತಿ ರಜನಿ, ಆ ಸಂಜೆ ತಾಟು ಇಡಲು ಜಾಗವಿಲ್ಲದೆ ರೇಗಿದಳು.

"ನೀವಾಗೇ ಆರಿಸಿದ್ದು ಒಂದರ ಏನೈತಿ ಹೇಳ್ರಿ. ನನ್ನ ಆರಿಸಿದಾಕಿನೂ ಅತ್ತೀನ. ನೀವು ಹೂಂ ಅಂದ್ರಿ, ಅಷ್ಟ. ಇದನ್ನೂ ಅವರಿಗೇ ಬಿಟ್ಟುಬಿಡ್ರಿ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಪಕ್ಕದ ಕೋಣೆಯಲ್ಲಿದ್ದ ಅತ್ತೆ ಬಾಳವ್ವನವರಿಗೆ ಅದು ಆಮಂತ್ರಣದಂತೆ ಕೇಳಿಸಿತು. ಮೂಗಿಗೆ ಚಾಳೀಸು ಏರಿಸಿಕೊಂಡು ಬಂದೇಬಿಟ್ಟರು.

ಬೀಗರು-ಬಿಜ್ಜರ ವಲಯದಲ್ಲಿ ಅರ್ಧದಷ್ಟು ಜೋಡಿಗಳನ್ನು ಕೂಡಿಸಿದವರು ಬಾಳವ್ವ. ಅವರು ಆರಿಸಿ ತಂದ ಯಾವ ಸೊಸೆಯೂ ಕಣ್ಣೀರು ಹಾಕಿದ್ದಿಲ್ಲ, ಹಾಕಿಸಿದ್ದುಂಟು. ಅವರ ಕೀರ್ತಿಗೆ ಇದ್ದ ಕಪ್ಪುಚುಕ್ಕೆ ಒಂದೇ, ಸ್ವಂತ ಕಿರಿಯ ಮಗ ಬಸವಕಿರಣ. ಎಂಥ ಕನ್ಯೆಯನ್ನು ತೋರಿಸಿದರೂ "ನೋಡೋಣು" ಎಂದು ಬ್ಯಾಂಕಿಗೆ ಹೊರಟುಬಿಡುತ್ತಿದ್ದ. ಕಾಲೇಜು ಆರಿಸುವುದಕ್ಕೂ ಕನ್ಯೆ ನೋಡುವುದಕ್ಕೂ ಏನೂ ಫರಕಿಲ್ಲವೆಂದು ಬಾಳವ್ವ ಅಲ್ಲೇ ಸಾರಿದರು. ಹೇಳದೆ ಕೇಳದೆ ಹೋಗಬೇಕು, ಪಡಸಾಲೆಗಿಂತ ಮೊದಲು ಹಿತ್ತಲು ನೋಡಬೇಕು, ಕಡೆಗೆ ಅವರು ಕೊಡುವ ಚಹಾ ಕುಡಿದು ನೋಡಬೇಕು. ಬಸವಪ್ರಭು ಬೇಡವೆನ್ನಲು ಬಾಯಿ ತೆರೆದರು. ಬೇಡವೆನ್ನುವುದೂ ಒಂದು ತೀರ್ಮಾನವೇ ಆದ್ದರಿಂದ ಅದೂ ಹೊರಡಲಿಲ್ಲ.

ಶನಿವಾರ ಮೂವರೂ ಗಾಜಿನ ಕಟ್ಟಡಕ್ಕೆ ಹೋದರು. ಬಾಳವ್ವ ಮುಂಬಾಗಿಲ ಹೊಳಪಿಗೆ ಬೆರಗಾಗದೆ ನೆಟ್ಟಗೆ ಹಿತ್ತಲು ಎಲ್ಲಿ ಎಂದು ಕೇಳಿದರು. ಹಿಂದೆ ಒಂದು ಜನರೇಟರು, ಒಂದಷ್ಟು ಮುರಿದ ಕುರ್ಚಿ. ಕಾಗದದ ಕಪ್ಪಿನಲ್ಲಿ ನೀರು ಬಂತು, ಚಹಾ ಬರಲಿಲ್ಲ. ಪಾಠ ಮಾಡುವವರು ಎಲ್ಲಿ ಎಂದರೆ, ಅವರು ತಮ್ಮ ತಮ್ಮ ಊರಿನಿಂದಲೇ ಟೀವಿಯಲ್ಲಿ ಬರುತ್ತಾರೆ, ಕ್ಯಾಮೆರಾ ಇರುವುದರಿಂದ ನೀವೂ ಅವರಿಗೆ ಕಾಣುತ್ತೀರಿ ಎಂದು ಕೌಂಟರಿನ ಹುಡುಗಿ ವಿವರಿಸಿದಳು. ಬಾಳವ್ವ ಮೆಟ್ಟಿಲ ಮೇಲೆ ನಿಂತು, ರಸ್ತೆಗೆಲ್ಲ ಕೇಳಿಸುವಂತೆ ತೀರ್ಪು ಕೊಟ್ಟರು.

"ಹಿತ್ತಲಿಲ್ಲದ ಮನಿ. ಹೇಳ್ಕೊಳ್ಳಾಕ ಒಬ್ಬ ಹಿರ್ಯಾ ಮನ್ಯಾಗಿಲ್ಲ, ಎಲ್ಲಾರೂ ಟೀವ್ಯಾಗ ಅದಾರ. ಇಂಥಾ ಕಡೆ ನನ್ನ ಮಗನ್ನ ಹೆಂಗ ಕೊಡ್ಲಿ?"

ಮೊಬೈಲಿನ ಕಾಲೇಜಿಗೆ ಅಷ್ಟೂ ಹೊತ್ತು ಹಿಡಿಯಲಿಲ್ಲ. ಬರೇ ಫೋಟೋ ನೋಡಿ ಒಪ್ಪುವ ಪದ್ಧತಿ ತಮ್ಮ ಮನೆತನದಲ್ಲಿಲ್ಲ ಎಂದು ಬಾಳವ್ವ ಮೊಬೈಲನ್ನು ಮಗನ ಜೇಬಿಗೇ ಹಾಕಿದರು. ಮೂವರೂ ಧಾರವಾಡದ ಬಸ್ಸು ಹತ್ತಿದರು.

ಆ ಕಾಲೇಜಿಗೆ ಹಿತ್ತಲಿತ್ತು. ಹಿತ್ತಲಿನಲ್ಲಿ ಬೇವಿನ ಮರವಿತ್ತು. ಮರದ ಕೆಳಗೆ ತಲೆ ನರೆತ ವಿದ್ಯಾರ್ಥಿಗಳು ಬುತ್ತಿ ಬಿಚ್ಚಿಕೊಂಡು, ಯಾವುದೋ ಪಾಠದ ಬಗ್ಗೆ ಜಗಳಾಡುತ್ತ ಶೇಂಗಾ ಹಿಂಡಿ ಹಂಚಿಕೊಳ್ಳುತ್ತಿದ್ದರು. ಕೋರ್ಸಿನ ಮುಖ್ಯಸ್ಥೆ ಸೌಮ್ಯಾ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು ವಿಭಾಗದ ಸ್ಟೋವಿನ ಮೇಲೆ ತಾನೇ ಶುಂಠಿ ಚಹಾ ಕಾಸಿ, ಮೊದಲ ಕಪ್ಪನ್ನು ಬಾಳವ್ವನವರಿಗೇ ಕೊಟ್ಟಳು. ಬಾಳವ್ವ ಚಹಾದ ಜತೆ ಗಾಜಿನ ಕಟ್ಟಡದ ಕಥೆಯನ್ನೂ ಉಪ್ಪುಖಾರ ಹಚ್ಚಿ ಹೇಳಿದರು. ಸೌಮ್ಯಾಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಸುಧಾರಿಸಿಕೊಂಡು ಬಸವಪ್ರಭು ಕಡೆ ತಿರುಗಿ ಕೇಳಿದಳು: "ನಿಮಗ್ಯಾಕ ಕಲೀಬೇಕನಸ್ತು ಸರ್?"

ಇದನ್ನು ಅವರಿಗೆ ಈತನಕ ಯಾರೂ ಕೇಳಿರಲಿಲ್ಲ. ಕುರ್ಚಿಯ ಸಂಗತಿ ಹೇಳಲು ಹೊರಟವರ ಬಾಯಿಂದ ಬೇರೆಯೇ ಮಾತು ಬಂತು. "ಬ್ಯಾರೇದವರಿಗೆ ಕಲಿಸಿ ಕಲಿಸಿ ಸಾಕಾಗೇತ್ರಿ. ಇನ್ನೊಮ್ಮಿ ಬೆಂಚಿನ ಮ್ಯಾಲೆ ಕುಂದರಬೇಕು ಅನಸ್ತು."

ಹೇಳಿದ ಮೇಲೆ ಅದು ನಿಜವೆಂದು ಅವರಿಗೇ ತಿಳಿದು ಎದೆ ಹಗುರಾಯಿತು. ತಿರುಗಿ ಬರುವ ಬಸ್ಸಿನಲ್ಲಿ, "ಇದ. ನಾ ಇಲ್ಲೇ ಕಲೀತೇನಿ" ಎಂದುಬಿಟ್ಟರು. ಗಂಡನ ಬಾಯಲ್ಲಿ ಇಷ್ಟು ಗಟ್ಟಿಯಾದ ಮಾತು ಕೇಳಿರದ ರಜನಿ ಅವರ ಹಣೆ ಮುಟ್ಟಿ ನೋಡಿದಳು. ಬಾಳವ್ವನವರೂ ತಲೆಯಾಡಿಸಿದರು. ಆದರೆ ಅವರ ತಲೆಯಲ್ಲಿ ಕಾಲೇಜಿರಲಿಲ್ಲ, ಚಹಾ ಕಾಸಿದ ಹುಡುಗಿ ಇದ್ದಳು. ಅಲ್ಲಿಂದ ಹೊರಡುವ ಮುಂಚೆಯೇ ಅವಳ ಊರು, ತಂದೆಯ ಹೆಸರು, ಮದುವೆಯಾಗಿಲ್ಲವೆಂಬ ಸಂಗತಿ, ಮೂರನ್ನೂ ಸೆರಗಿಗೆ ಕಟ್ಟಿಕೊಂಡಿದ್ದರು.

ಮುಂದಿನದು ಲಗೂ ಆಯಿತು. ಬಾಳವ್ವ ಅವಳ ತವರಿಗೆ ಹೋಗಿ ಮಾತಾಡಿದರು. ಎಲ್ಲರಿಗೂ "ನೋಡೋಣು" ಎನ್ನುತ್ತಿದ್ದ ಬಸವಕಿರಣ ಸೌಮ್ಯಾಳನ್ನು ಕಂಡು "ಯಾವಾಗ?" ಎಂದ. ಅವಳೂ ಅವನೊಂದಿಗೆ ಕೂತು ಮಾತಾಡಿ ಒಪ್ಪಿದಳು. ನಿಶ್ಚಿತಾರ್ಥದ ಪೇಡೆ ಮುಗಿಯುವ ಮುನ್ನವೇ ಬಸವಪ್ರಭು ಇಸ್ತ್ರಿ ಅಂಗಿ ತೊಟ್ಟು ಧಾರವಾಡಕ್ಕೆ ಹೆಸರು ಹಚ್ಚಲು ಹೊರಟರು. ಬಾಳವ್ವ ಬಾಗಿಲಿಗೆ ಅಡ್ಡ ನಿಂತರು.

"ಹುಚ್ಚದೀ ಏನು? ಮನಿಗೆ ಬರೂ ಸೊಸಿ ಮುಂದ ಹಿರೇ ಭಾವ ಕುಂತು ಪಾಠ ಒಪ್ಪಸ್ತಾನೇನು? ಆಕಿ ಫೇಲ್ ಮಾಡಿದ್ರ ಮನಿ ಒಡೀತೈತಿ. ಪಾಸ್ ಮಾಡಿದ್ರ, ಮನ್ಯಾಂವ ಅಂತ ಪಾಸ್ ಮಾಡಿದ್ಲು ಅಂತ ಊರು ಅಂತೈತಿ."

ಬಸವಪ್ರಭು ಒಳಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದರು. ಜೀವನದಲ್ಲಿ ಒಮ್ಮೆ ತಾವಾಗಿ ಆರಿಸಿದ್ದು ತಮ್ಮನ ಲಗ್ನಕ್ಕೆ ಆಹುತಿಯಾಯಿತಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಅಷ್ಟರಲ್ಲಿ ಮೊಬೈಲಿನ ಕಾಲೇಜಿನ ಗಡುವು ಮುಗಿದಿತ್ತು. ತೆರೆದಿದ್ದುದು ಗಾಜಿನ ಬಾಗಿಲೊಂದೇ. ಬಾಳವ್ವ ಮೂಗು ಮುರಿಯುತ್ತಲೇ ಒಪ್ಪಿದರು, ಆದರೆ ಬೀಗರಿಗೆ ಗೊತ್ತಾಗಬಾರದು. ಅವರ ಮಗಳ ಕಾಲೇಜು ಬಿಟ್ಟು ಬೇರೆ ಕಡೆ ಹೋದನೆಂದರೆ ಅವರಿಗೆ ಅಪಮಾನ. ಹೀಗಾಗಿ, ಭಾವನವರು ಓದುವ ವಿಚಾರವನ್ನೇ ಕೈಬಿಟ್ಟರು ಎಂದು ಸೌಮ್ಯಾಳಿಗೆ ಹೇಳಲಾಯಿತು.

ಲಗ್ನವಾಗಿ ಸೌಮ್ಯಾ ಮನೆ ತುಂಬಿದಳು. ಹಿರೇ ಭಾವ ಎದುರಿಗೆ ಬಂದರೆ ಸೆರಗು ಹೊದ್ದು ಎದ್ದು ನಿಲ್ಲಬೇಕು, ಅವರು ಕೂತಿರುವಾಗ ಕೂರಬಾರದು ಎಂದು ಬಾಳವ್ವ ಮೊದಲ ವಾರದಲ್ಲೇ ಕಲಿಸಿದರು. ತರಗತಿ ಶುರುವಾದ ಶನಿವಾರ ಬಸವಪ್ರಭು ಸಾಲಿಯಲ್ಲಿ ಮೀಟಿಂಗ್ ಇದೆಯೆಂದು ಹೊರಟರು. ಸೌಮ್ಯಾ ಕಾಲೇಜಿನಲ್ಲಿ ಮೀಟಿಂಗ್ ಇದೆಯೆಂದು ಹೊರಟಳು. ಇಬ್ಬರೂ ಗೇಟಿನ ಬಳಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗಾಜಿನ ಕಟ್ಟಡದಲ್ಲಿ ಬಸವಪ್ರಭು ಮೊದಲ ಬೆಂಚನ್ನೇ ಹಿಡಿದು, ಹೊಸ ಪೆನ್ನಿನ ಕ್ಯಾಪು ತೆಗೆದು ಕೂತರು. ಬೇವಿನ ಮರ ಇರದಿದ್ದರೇನು, ಬೆಂಚಂತೂ ಸಿಕ್ಕಿತಲ್ಲ ಎಂದು ಖುಷಿಯಾಯಿತು. ಗೋಡೆಯ ಟೀವಿ ಬೆಳಗಿತು.

ಟೀವಿಯಲ್ಲಿ ಸೌಮ್ಯಾ ಇದ್ದಳು.

ಶನಿವಾರದ ಮಟ್ಟಿಗೆ ಅವಳು ಹಿಂದಿನಿಂದಲೂ ಇಲ್ಲಿಗೆ ಧಾರವಾಡದಿಂದಲೇ ಪಾಠ ಮಾಡುತ್ತಿದ್ದಳು. ಅತ್ತೆಯ ತೀರ್ಪನ್ನು ಅಂದು ಚಹಾದ ಜತೆಗೇ ಕೇಳಿದವಳು ಮನೆಯಲ್ಲಿ ಈ ಪಾಠದ ಸಂಗತಿ ಹೇಳುವುದಾದರೂ ಹೇಗೆ? ನಗುತ್ತ ನಮಸ್ಕಾರ ಹೇಳಿ ಎಲ್ಲರ ಮೇಲೆ ಕಣ್ಣಾಡಿಸುತ್ತ ಬಂದವಳ ದೃಷ್ಟಿ ಮೊದಲ ಬೆಂಚಿಗೆ ಬಂದು ನಿಂತಿತು. ಕೈ ತಾನಾಗಿ ಸೆರಗಿಗೆ ಹೋಯಿತು. ಅವಳು ಕುರ್ಚಿಯಿಂದ ಎದ್ದು ನಿಂತಳು.

ಕಲಿಸುವವರು ನಿಂತಿರುವಾಗ ಕೂರುವುದು ಹೇಗೆ? ಬಸವಪ್ರಭು ಎದ್ದರು.

"ಕುಂದರ್ರಿ ಭಾವಾರ."

"ಮದಲ ನೀವು ಕುಂದರ್ರಿ ಮೇಡಮ್."

"ನೀವು ಕುಂತಾಗ ನಾ ಹೆಂಗ ಕುಂದರ್ಲಿ?"

ಹಿಂದಿನವರು ಇಲ್ಲಿನ ಶಿಸ್ತೇ ಹೀಗಿರಬೇಕೆಂದು ಒಬ್ಬೊಬ್ಬರಾಗಿ ಎದ್ದರು. ನಾಯಕನೆಂದರೆ ಯಾರು ಎಂಬ ಅಂದಿನ ಪಾಠವನ್ನು ಸೌಮ್ಯಾ ನಿಂತೇ ಮಾಡಿದಳು, ಇಡೀ ತರಗತಿ ನಿಂತೇ ಕೇಳಿತು. ಕಡೆಗೆ, ಈ ಪದವಿಯನ್ನು ಆರಿಸುವ ತೀರ್ಮಾನವನ್ನು ಹೇಗೆ ತೆಗೆದುಕೊಂಡಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಬಸವಪ್ರಭು ಸರದಿ ಬಂದಾಗ ಕಣ್ಣು ತಗ್ಗಿಸಿದಳು.

"ಭಾವಾರದು ನನಗ ಗೊತ್ತೈತಿ. ಮುಂದಿನವರು ಹೇಳ್ರಿ."

ಸಂಜೆ ಬಸವಪ್ರಭು ಓಣಿಯ ತುದಿಯಲ್ಲಿ ಕಾದು ನಿಂತು, ಧಾರವಾಡದಿಂದ ಬಂದ ತಮ್ಮನ ಹೆಂಡತಿಯೊಂದಿಗೆ ಯಾರೂ ಬಾಯಿ ಬಿಡಬಾರದೆಂದು ಒಪ್ಪಂದ ಮಾಡಿಕೊಂಡರು. ಮನೆ ಹೊಕ್ಕೊಡನೆ ಒಬ್ಬರು ಪಡಸಾಲೆಯಲ್ಲಿ, ಒಬ್ಬರು ಅಡುಗೆಮನೆಯಲ್ಲಿ ಕುಸಿದು ಕೂತು ಮೊಣಕಾಲು ತಿಕ್ಕಿಕೊಳ್ಳತೊಡಗಿದರು. ಬಾಳವ್ವ ಇಬ್ಬರನ್ನೂ ನೋಡಿ ನೋವಿನೆಣ್ಣೆಯ ಬಾಟಲಿ ತಂದರು.

"ಏನ್ ಮೀಟಿಂಗ್‌ರಪಾ ಇವು. ಒಂದು ಕುರ್ಚಿನೂ ಕೊಡಲಿಲ್ಲೇನು?"

"ಕುರ್ಚಿ ಇತ್ತ ಯವ್ವಾ," ಎಂದರು ಬಸವಪ್ರಭು, "ಕುಂದರಾಕ ಆಗಲಿಲ್ಲ."